ಕಡಲ ಪಕ್ಕದ ಮನೆಗೆ ಎಂಥ ಕಂಪ್ಯೂಟರ್ ಕ್ಯಾಬಿನೆಟ್ ತಗೊಳ್ಳಬೇಕು?

ಈ ಸಲ ಮಳೆ ಹಿಡಿಯುವ ಮೊದಲು ಮೂರು ಮಂದಿ ನನ್ನ ಹತ್ತಿರ ಒಂದೇ ಪ್ರಶ್ನೆ ಕೇಳಿದರು. ಒಬ್ಬ ಮಲ್ಪೆಯ ಗೆಳೆಯ. ರಾತ್ರಿ ಅವನ ಮನೆಯ ಚಾವಡಿಯಲ್ಲಿ ಕೂತರೆ ಅಲೆಯ ಸದ್ದು ಕೇಳುತ್ತದೆ. ಇನ್ನೊಬ್ಬಳು ಅಕ್ಕನ ಮಗಳು. ಮಣಿಪಾಲದಲ್ಲಿ ಓದುತ್ತಿದ್ದಾಳೆ, ಬಾಡಿಗೆ ರೂಮಿನಲ್ಲಿ ಇರುವುದು. ಮೂರನೆಯವರು ಮಂಗಳೂರಿನ ಕಾವೂರು ಕಡೆಯ ಹಿರಿಯರು. ಮೇಳ ಎಲ್ಲಿ ಹೋದರೂ ಹಿಂದೆಯೇ ಹೋಗಿ ಯಕ್ಷಗಾನ ರೆಕಾರ್ಡ್ ಮಾಡುವವರು. ಮೂವರೂ ಹೊಸ ಕಂಪ್ಯೂಟರಿಗೆ ಪ್ರೊಸೆಸರ್, ಮದರ್‌ಬೋರ್ಡ್, ಮೆಮೊರಿ ಎಲ್ಲ ನಿರ್ಧಾರ ಮಾಡಿ ಆಗಿತ್ತು. ಅವನ್ನೆಲ್ಲ ಕೂರಿಸುವ ಕ್ಯಾಬಿನೆಟ್ ಮಾತ್ರ ಬಾಕಿ. ₹1,500ಕ್ಕೂ ಸಿಗುತ್ತದೆ, ₹15,000ಕ್ಕೂ ಸಿಗುತ್ತದೆ. ಎರಡೂ ಡಬ್ಬವೇ ಅಲ್ವಾ, ಇಷ್ಟು ವ್ಯತ್ಯಾಸ ಯಾಕೆ?

ನಾನು ಹದಿನಾರು ವರ್ಷದಿಂದ ಮನೆಯವರಿಗೆ, ನೆಂಟರಿಗೆ, ಗೆಳೆಯರಿಗೆ ಕಂಪ್ಯೂಟರ್ ಜೋಡಿಸಿ ಕೊಡುತ್ತಿದ್ದೇನೆ. ಮತ್ತೆ ಬಿಚ್ಚಿ ತೊಳೆದು ಸರಿಮಾಡುವುದೂ ನಾನೇ. ಹಾಗಾಗಿ ಮೂರು, ಐದು, ಎಂಟು ವರ್ಷದ ನಂತರ ನಮ್ಮ ಊರಿನಲ್ಲಿ ಒಂದು ಕ್ಯಾಬಿನೆಟ್ ಹೇಗಿರುತ್ತದೆ ಅಂತ ಕಣ್ಣಾರೆ ನೋಡಿದ್ದೇನೆ. ಪ್ರೊಸೆಸರ್ ನಾಲ್ಕೈದು ವರ್ಷಕ್ಕೆ ಹಳೆಯದಾಗುತ್ತದೆ. ಒಳ್ಳೆಯ ಕ್ಯಾಬಿನೆಟ್ ಎರಡು ಮೂರು ಕಂಪ್ಯೂಟರ್ ಕಾಣುತ್ತದೆ. ಅದಕ್ಕೆ ಇದನ್ನು ಕೊನೆಯಲ್ಲಿ ಉಳಿದ ಚಿಲ್ಲರೆಯಲ್ಲಿ ತಗೊಳ್ಳುವ ಸಾಮಾನು ಅಂತ ನೋಡಬೇಡಿ.

ಉಪ್ಪಿನ ಡಬ್ಬಿಯಿಂದ ಶುರು ಮಾಡೋಣ

ಕ್ಯಾಬಿನೆಟ್ ಬಗ್ಗೆ ನಾವು ನೋಡುವ ವಿಡಿಯೋಗಳಲ್ಲಿ ಹೆಚ್ಚಿನವು ಒಣ ಹವೆಯ ಊರಿನವು, ಇಲ್ಲವಾದರೆ ಎಸಿ ರೂಮಿನವು. ಅವರು ಬಿಸಿ ಅಳೆಯುತ್ತಾರೆ, ಸದ್ದು ಅಳೆಯುತ್ತಾರೆ. ತುಕ್ಕು ಅಳೆಯುವುದಿಲ್ಲ. ನಮಗೆ ಮೊದಲು ಬೇಕಾದದ್ದು ಅದೇ.

ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜಡಿಮಳೆಯಲ್ಲಿ, ಅಡುಗೆಮನೆಯ ಉಪ್ಪಿನ ಡಬ್ಬಿ ಹೇಗಿರುತ್ತದೆ ನೆನಪಿಸಿಕೊಳ್ಳಿ. ಮುಚ್ಚಳ ಸರಿ ಹಾಕದಿದ್ದರೆ ಉಪ್ಪು ನೀರು ಬಿಡುತ್ತದೆ. ಗಾಳಿಯಲ್ಲಿ ತೇವ ಸುಮಾರು ಶೇ. 75 ದಾಟಿದರೆ ಉಪ್ಪು ಅದನ್ನು ಹೀರಿಕೊಂಡು ತಾನೇ ಕರಗುತ್ತದೆ. ಕಡಲ ಗಾಳಿ ಹೊತ್ತು ತರುವ ಉಪ್ಪು ಕ್ಯಾಬಿನೆಟ್‌ನ ತಗಡಿನ ಮೇಲೂ ಕೂರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಗಾಳಿ ದಿನದ ಹೆಚ್ಚಿನ ಹೊತ್ತು ಆ 75ರ ಗೆರೆಯ ಮೇಲೆಯೇ ಇರುತ್ತದೆ. ಅಂದರೆ ತಗಡಿನ ಮೇಲೆ ಕಣ್ಣಿಗೆ ಕಾಣದ ಉಪ್ಪುನೀರಿನ ಪೊರೆ. ಬಣ್ಣ ಎಲ್ಲಿ ತೆಳುವೋ ಅಲ್ಲಿ ಅದು ಉಕ್ಕನ್ನು ತಿನ್ನುತ್ತದೆ.

ಇದರಿಂದ ಒಂದು ಉಪಾಯವೂ ಸಿಗುತ್ತದೆ. ಗಾಳಿ ಬಿಸಿಯಾದಷ್ಟೂ ಅದರ ತೇವದ ಪ್ರಮಾಣ ಇಳಿಯುತ್ತದೆ. 25 ಡಿಗ್ರಿಯಲ್ಲಿ ಶೇ. 90 ತೇವ ಇರುವ ಗಾಳಿ ಕ್ಯಾಬಿನೆಟ್ ಒಳಗೆ 35 ಡಿಗ್ರಿಗೆ ಬಿಸಿಯಾದರೆ ತೇವ ಸುಮಾರು ಶೇ. 50ಕ್ಕೆ ಬರುತ್ತದೆ. 75ರ ಗೆರೆಗಿಂತ ಎಷ್ಟೋ ಕೆಳಗೆ! ಮಳೆಗಾಲದಲ್ಲಿ ದಿನಕ್ಕೆ ಒಂದೆರಡು ಗಂಟೆ ಕಂಪ್ಯೂಟರ್ ಹಾಕಿಡಿ ಅಂತ ಹಳೆಯ ರಿಪೇರಿಯವರು ಹೇಳುವುದು ಸುಮ್ನೆ ಅಲ್ಲ. ಒಳಗೆ ಸಿಲಿಕಾ ಜೆಲ್ ಚೀಲ ಇಡುವವರಿದ್ದಾರೆ. ಎಲ್ಲ ಕಡೆ ತೂತಿರುವ ಪೆಟ್ಟಿಗೆಯಲ್ಲಿ ಅದು ಬೇಗ ನೀರು ಕುಡಿದು ತುಂಬಿಹೋಗುತ್ತದೆ. ಮುಚ್ಚಿಟ್ಟ ಕ್ಯಾಮೆರಾ ಡಬ್ಬಿಗೆ ಅದು ಸರಿ, ಇದಕ್ಕಲ್ಲ.

ಏನೇನು ನೋಡಬೇಕು

ಮೊದಲು ತಗಡು. ಕ್ಯಾಬಿನೆಟ್‌ನ ವಿವರದಲ್ಲಿ ಎಸ್‌ಪಿಸಿಸಿ ಅಂತ ಬರೆದಿದ್ದರೆ ಅದು ಸತುವಿನ ಲೇಪ ಇಲ್ಲದ ಉಕ್ಕು, ಮೇಲೆ ಬರೀ ಬಣ್ಣ. ಎಸ್‌ಜಿಸಿಸಿ ಅಥವಾ ಎಸ್‌ಇಸಿಸಿ ಅಂತ ಇದ್ದರೆ ಬಣ್ಣದ ಕೆಳಗೆ ಸತು ಉಂಟು. ಹಟ್ಟಿಯ ಮಾಡಿಗೆ ಹಾಕುವ ಜಿಐ ಶೀಟಿನಲ್ಲಿ ಇರುವುದೂ ಇದೇ ಸತು. ಗೀರು ಬಿದ್ದರೂ ಸತು ತಾನು ಮೊದಲು ಸವೆದು ಉಕ್ಕನ್ನು ಉಳಿಸುತ್ತದೆ. ಮಲ್ಪೆ, ಉಳ್ಳಾಲ, ಪಣಂಬೂರು, ಕಾಪು ಹೀಗೆ ಕಡಲ ದಂಡೆಗೆ ಹತ್ತಿರ ಇರುವವರು ಈ ನಾಲ್ಕು ಅಕ್ಷರ ಹುಡುಕಿ ನೋಡುವುದು ಒಳ್ಳೆಯದು. ಒಳನಾಡಿನ ಕಾರ್ಕಳ, ಮೂಡುಬಿದಿರೆ ಕಡೆಯವರು ಅಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ತುಕ್ಕು ಎಲ್ಲಿಂದ ಶುರುವಾಗುತ್ತದೆ ಅಂತ ಗೊತ್ತಿದ್ದರೆ ಅಂಗಡಿಯಲ್ಲಿ ಅಲ್ಲೇ ಕಣ್ಣು ಹಾಕಬಹುದು. ಹಿಂಬದಿಯಲ್ಲಿ ಗ್ರಾಫಿಕ್ಸ್ ಕಾರ್ಡ್ ಕೂರುವ ಕಡೆ ಉದ್ದನೆಯ ಪಟ್ಟಿಗಳಿರುತ್ತವೆ. ಅಗ್ಗದ ಕ್ಯಾಬಿನೆಟ್‌ನಲ್ಲಿ ಅವನ್ನು ತಿರುಚಿ ಮುರಿಯಬೇಕು. ಮುರಿದ ಜಾಗದಲ್ಲಿ ಬಣ್ಣವೂ ಇಲ್ಲ, ಸತುವೂ ಇಲ್ಲ. ನಾನು ಬಿಚ್ಚಿದ ಎಷ್ಟೋ ಕ್ಯಾಬಿನೆಟ್‌ಗಳಲ್ಲಿ ಮೊದಲ ಕೆಂಪು ಚುಕ್ಕೆ ಕಂಡದ್ದು ಅಲ್ಲೇ. ಜೊತೆಗೆ, ಒಮ್ಮೆ ಮುರಿದರೆ ಆ ಕಿಂಡಿ ಮತ್ತೆ ಮುಚ್ಚುವುದಿಲ್ಲ. ಸ್ಕ್ರೂ ಹಾಕಿ ತೆಗೆಯುವ ಪಟ್ಟಿ ಇರುವುದನ್ನೇ ತಗೊಳ್ಳಿ. ಅಲ್ಯೂಮಿನಿಯಂ ಆದರೆ ಕೆಂಪು ತುಕ್ಕು ಇಲ್ಲ ನಿಜ. ಬೆಲೆ ಮಾತ್ರ ಏರುತ್ತದೆ, ಉಪ್ಪಿಗೆ ಅದರ ಮೇಲೂ ಬಿಳಿ ಕಲೆ ಬರುತ್ತದೆ.

ದಪ್ಪ ನೋಡಲು ಉಪಕರಣ ಬೇಡ. ಪಕ್ಕದ ಬಾಗಿಲಿನ ನಡುವೆ ಹೆಬ್ಬೆರಳಿನಿಂದ ಒತ್ತಿ. ಎಣ್ಣೆ ಡಬ್ಬದ ಹಾಗೆ ಟಪ್ಪೆಂದು ಒಳಗೆ ಹೋದರೆ ಅದು 0.5 ಮಿಲಿಮೀಟರ್ ಅಥವಾ ಅದಕ್ಕಿಂತ ತೆಳು. 0.7, 0.8 ಇದ್ದರೆ ಗಟ್ಟಿಯಾಗಿ ನಿಲ್ಲುತ್ತದೆ. ಆಮೇಲೆ ಎರಡು ಎದುರು ಮೂಲೆ ಹಿಡಿದು ಸ್ವಲ್ಪ ತಿರುಚಿ ನೋಡಿ. ಚೌಕಟ್ಟು ಓರೆಯಾದರೆ ಬೋರ್ಡ್‌ನ ತೂತು ಮತ್ತು ಸ್ಕ್ರೂ ಒಂದಕ್ಕೊಂದು ಕೂರುವುದಿಲ್ಲ. ತೆಳು ತಗಡಿನಲ್ಲಿ ಸ್ಕ್ರೂವಿನ ಹಲ್ಲುಗಳೂ ನಾಲ್ಕು ಸಲ ಬಿಚ್ಚಿ ಹಾಕುವಷ್ಟರಲ್ಲಿ ಸವೆದುಹೋಗುತ್ತವೆ. ಒಂದು ಎಚ್ಚರಿಕೆ: ಬರೀ ತೂಕ ನೋಡಿ ಗಟ್ಟಿ ಅಂತ ನಂಬಬೇಡಿ. 4 ಮಿಲಿಮೀಟರ್ ಗಾಜು ಒಂದು ಚದರ ಮೀಟರಿಗೆ 10 ಕಿಲೋ ತೂಗುತ್ತದೆ. 0.5 ಮಿಲಿಮೀಟರ್ ಉಕ್ಕು 4 ಕಿಲೋ ಕೂಡ ಇಲ್ಲ. ಗಾಜಿನ ಬಾಗಿಲು ಒಂದೇ ಎರಡು ಕಿಲೋ ಹತ್ತಿರ ಬರುತ್ತದೆ. ಅದನ್ನು ತೆಗೆದಿಟ್ಟು ಉಳಿದದ್ದನ್ನು ಎತ್ತಿ ನೋಡಿ.

ಎರಡನೆಯದು ಗಾಳಿಯ ದಾರಿ, ಮತ್ತು ಆ ದಾರಿಯನ್ನು ತೊಳೆಯಲು ಆಗುತ್ತದಾ ಎಂಬುದು. ಬೇಸಿಗೆಯಲ್ಲಿ ನಮ್ಮ ಕೆಂಪು ಮಣ್ಣಿನ ಧೂಳು, ಮಳೆಗಾಲದಲ್ಲಿ ಬಟ್ಟೆಯ ನೂಲು ಮತ್ತು ತೇವ. ಎರಡೂ ಸೇರಿ ಫ್ಯಾನಿನ ಎಲೆಗೆ ಹಿಟ್ಟಿನ ಹಾಗೆ ಅಂಟುತ್ತದೆ. ಬ್ಲೋವರ್ ಹಿಡಿದರೂ ಹೋಗುವುದಿಲ್ಲ. ಆದ್ದರಿಂದ ಎದುರು, ತಳ, ಮೇಲೆ ಮೂರೂ ಕಡೆ ತೆಗೆದು ನಲ್ಲಿಯ ಕೆಳಗೆ ತೊಳೆಯುವ ನೈಲಾನ್ ಫಿಲ್ಟರ್ ಬೇಕು. ತಳದ ಫಿಲ್ಟರ್ ಕ್ಯಾಬಿನೆಟ್ ಎತ್ತದೆ ಎಳೆದು ತೆಗೆಯುವಂತಿರಬೇಕು. ಎತ್ತಬೇಕಾದರೆ ನೀವು ವರ್ಷಕ್ಕೆ ಒಮ್ಮೆಯೂ ತೆಗೆಯುವುದಿಲ್ಲ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ.

ಒಳಗೆ ಬರುವ ಗಾಳಿ ಹೊರಗೆ ಹೋಗುವ ಗಾಳಿಗಿಂತ ಸ್ವಲ್ಪ ಜಾಸ್ತಿ ಇರಲಿ. ಎದುರಿಗೆ ಎರಡು ಫ್ಯಾನು ಒಳಕ್ಕೆ, ಹಿಂದೆ ಒಂದು ಹೊರಕ್ಕೆ. ಆಗ ಸಂದುಗೊಂದುಗಳಿಂದ ಗಾಳಿ ಹೊರಗೆ ತಳ್ಳುತ್ತದೆ, ಧೂಳು ಫಿಲ್ಟರ್ ಮೂಲಕ ಮಾತ್ರ ಬರಬೇಕಾಗುತ್ತದೆ. ಹಿಂದೆ ಒಂದೇ ಫ್ಯಾನು ಇಟ್ಟು ಎದುರು ಏನೂ ಇಲ್ಲದಿದ್ದರೆ ಇದರ ತದ್ವಿರುದ್ಧ. ಸಿಕ್ಕ ಸಿಕ್ಕ ಬಿರುಕಿನಿಂದ ಧೂಳು ಎಳೆದುಕೊಳ್ಳುತ್ತದೆ.

ಮೂರನೆಯದನ್ನು ಹೊರ ಊರಿನವರು ಯಾರೂ ಹೇಳುವುದಿಲ್ಲ. ಹಲ್ಲಿ, ಇರುವೆ, ಜಿರಳೆ. ಬೆಚ್ಚಗಿನ, ಕತ್ತಲಿನ, ಒಣ ಜಾಗ ಮಳೆಗಾಲದಲ್ಲಿ ಅವಕ್ಕೂ ಬೇಕು. ಬೋರ್ಡ್ ಮೇಲೆ ಹಲ್ಲಿಯ ಮೊಟ್ಟೆ, ಎಸ್‌ಎಂಪಿಎಸ್ (ಎಲ್ಲ ಭಾಗಗಳಿಗೆ ಕರೆಂಟು ಕೊಡುವ ಡಬ್ಬಿ) ಒಳಗೆ ಸತ್ತ ಇರುವೆಗಳ ರಾಶಿ, ಇವು ನನಗೆ ಹೊಸತಲ್ಲ. ಹಲ್ಲಿ ಎರಡು ತುದಿಗೆ ತಾಗಿದರೆ ಶಾರ್ಟ್ ಆಗಿ ಬೋರ್ಡ್ ಹೋಗುತ್ತದೆ, ಪಾಪ ಹಲ್ಲಿಯೂ ಹೋಗುತ್ತದೆ. ಕಿರುಬೆರಳು ಹೋಗುವ ಕಿಂಡಿ ಎಲ್ಲಿದ್ದರೂ ಅದು ಬಾಗಿಲು ಅಂತ ತಿಳಿಯಿರಿ. ತಂತಿ ಹೊರಬರುವ ರಬ್ಬರ್ ತೂತು, ಖಾಲಿ ಫ್ಯಾನಿನ ಜಾಗ, ಮುರಿದ ಪಟ್ಟಿ ಎಲ್ಲ ನೋಡಿ.

ಅಳತೆಯ ವಿಷಯ ಬೇಗ ಮುಗಿಸುತ್ತೇನೆ. ಎಟಿಎಕ್ಸ್ ಬೋರ್ಡ್ 305 × 244 ಮಿಲಿಮೀಟರ್, ಮೈಕ್ರೋ ಎಟಿಎಕ್ಸ್ 244 × 244, ಮಿನಿ ಐಟಿಎಕ್ಸ್ 170 × 170. ದೊಡ್ಡ ಕ್ಯಾಬಿನೆಟ್‌ನಲ್ಲಿ ಚಿಕ್ಕ ಬೋರ್ಡ್ ಕೂರುತ್ತದೆ, ಚಿಕ್ಕದರಲ್ಲಿ ದೊಡ್ಡದು ಕೂರುವುದಿಲ್ಲ. ಪ್ರೊಸೆಸರ್ ಮೇಲೆ ಕಂಬದಂತೆ ನಿಂತು ಅದನ್ನು ತಣಿಸುವ ಕೂಲರ್ ಹೆಚ್ಚಾಗಿ 155ರಿಂದ 160 ಮಿಲಿಮೀಟರ್ ಎತ್ತರ. ಗ್ರಾಫಿಕ್ಸ್ ಕಾರ್ಡ್‌ನ ಉದ್ದ ನಿಮ್ಮ ಮಾಡೆಲ್ ನೋಡಿಕೊಳ್ಳಿ, 240ರಿಂದ 330ರವರೆಗೂ ಬರುತ್ತದೆ. ಈ ಮೂರು ಸಂಖ್ಯೆ ಚೀಟಿಯಲ್ಲಿ ಬರೆದು ಕಿಸೆಯಲ್ಲಿ ಇಟ್ಟುಕೊಳ್ಳಿ.

ನಡುವೆ ಒಂದು ಮಾತು. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆ, ಬೇರೆ ಕ್ಯಾಬಿನೆಟ್ ತರಬೇಕಾ ಅಂತ ಕೇಳುವವರಿದ್ದಾರೆ. ಬೇಡ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಕ್ಯಾಬಿನೆಟ್‌ನ ತಗಡಿಗೆ ಕೂಡಿರುತ್ತವೆ. ಮನೆಯ ಅರ್ಥಿಂಗ್ ಸರಿ ಇಲ್ಲದಿದ್ದರೆ ತಗಡಿನ ಮೇಲೆ 230ರ ಅರ್ಧದಷ್ಟು, ಸುಮಾರು 115 ವೋಲ್ಟ್ ನಿಲ್ಲುತ್ತದೆ. ಹರಿಯುವ ಕರೆಂಟು ತೀರಾ ಸಣ್ಣದು, ಆದರೂ ಬರಿಗಾಲಿನಲ್ಲಿ ಗೊತ್ತಾಗುತ್ತದೆ. ಮುರಕಲ್ಲಿನ ನೆಲದಲ್ಲಿ ಅರ್ಥ್ ಗುಂಡಿ ಬೇಸಿಗೆಗೆ ಒಣಗುತ್ತದೆ. ಎಲೆಕ್ಟ್ರಿಷಿಯನ್ ಕರೆದು ಅದನ್ನು ಸರಿಮಾಡಿಸಿ.

ಎಸ್‌ಎಂಪಿಎಸ್ ಸಮೇತ ಬರುವ ಅಗ್ಗದ ಡಬ್ಬ

₹1,500ರಿಂದ ₹2,500ರ ಒಳಗೆ ಸಿಗುವವು. ಹಗುರ, ತೆಳು, ಪಟ್ಟಿ ಮುರಿಯುವ ಜಾತಿ. ಎದುರು ಹೊಳೆಯುವ ಪ್ಲಾಸ್ಟಿಕ್, ಗಾಳಿಗೆ ದಾರಿ ಕಡಿಮೆ. ಹಾಗಂತ ಯಾರಿಗೂ ಬೇಡ ಅಂತ ನಾನು ಹೇಳುವುದಿಲ್ಲ. ಅಂಗಡಿಯಲ್ಲಿ ಬಿಲ್ಲು ಮಾಡಲು, ಮಕ್ಕಳಿಗೆ ಟೈಪಿಂಗ್ ಕಲಿಯಲು, ಗ್ರಾಫಿಕ್ಸ್ ಕಾರ್ಡ್ ಇಲ್ಲದ 65 ವಾಟ್ ಪ್ರೊಸೆಸರ್ ಸಾಕು ಅನ್ನುವವರಿಗೆ ಇದು ನಡೆಯುತ್ತದೆ. ಕಡಲಿನಿಂದ ದೂರ ಇದ್ದರೆ ಇನ್ನೂ ಒಳ್ಳೆಯದು. ನಾಲ್ಕೈದು ವರ್ಷಕ್ಕೆ ಬದಲಿಸಬೇಕು ಅಂತ ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಜೊತೆಗೆ ಬರುವ ಎಸ್‌ಎಂಪಿಎಸ್ ಮಾತ್ರ ಬಳಸಬೇಡಿ. ಮೇಲೆ 450 ವಾಟ್ ಅಂತ ಬರೆದಿರುತ್ತದೆ, ಕೈಯಲ್ಲಿ ಹಿಡಿದರೆ ಖಾಲಿ ಡಬ್ಬದ ಹಾಗೆ ಇರುತ್ತದೆ. ಗುಡುಗು ಮಿಂಚಿನ ದಿನಗಳಲ್ಲಿ, ಕರೆಂಟು ಹೋಗಿ ಬಂದು ಆಗುವ ನಮ್ಮ ಊರಿನಲ್ಲಿ, ಅದು ಹಾಳಾದರೆ ಬೋರ್ಡನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಎಸ್‌ಎಂಪಿಎಸ್ ಇಲ್ಲದ ಡಬ್ಬ ಕೇಳಿ ತಗೊಳ್ಳಿ, ಉಳಿದ ಹಣಕ್ಕೆ ಇನ್ನಷ್ಟು ಸೇರಿಸಿ ಒಳ್ಳೆಯ ಎಸ್‌ಎಂಪಿಎಸ್ ಬೇರೆಯೇ ತನ್ನಿ.

ಅಟ್ಟದಲ್ಲಿರುವ ಹಳೆಯ ಕ್ಯಾಬಿನೆಟ್

ಈ ಆಯ್ಕೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನನಗೆ ಮಾತ್ರ ಇದರ ಮೇಲೆ ಪ್ರೀತಿ ಜಾಸ್ತಿ.

ಎಟಿಎಕ್ಸ್ ಅಳತೆಯನ್ನು ಇಂಟೆಲ್ ಹೊರತಂದದ್ದು 1995ರಲ್ಲಿ. ಅಂದಿನಿಂದ ಬೋರ್ಡ್‌ನ ಸ್ಕ್ರೂ ತೂತುಗಳ ಜಾಗ ಬದಲಾಗಿಲ್ಲ. ಮಾಮ 2009ರಲ್ಲಿ ತಂದ ಕ್ಯಾಬಿನೆಟ್‌ನಲ್ಲಿ ಇವತ್ತಿನ ಬೋರ್ಡ್ ಸರಿಯಾಗಿ ಕೂರುತ್ತದೆ. ಆಗಿನ ಒಳ್ಳೆಯ ಕ್ಯಾಬಿನೆಟ್‌ಗಳ ತಗಡು ಇವತ್ತಿನ ಎಷ್ಟೋ ಡಬ್ಬಗಳಿಗಿಂತ ದಪ್ಪ. ಎರಡೂ ಪಕ್ಕ ಉಕ್ಕಿನ ಬಾಗಿಲು. 3.5 ಇಂಚಿನ ಹಾರ್ಡ್ ಡಿಸ್ಕ್‌ಗೆ ನಾಲ್ಕು ಐದು ಗೂಡು.

ತೊಂದರೆಯೂ ಉಂಟು. ಎದುರು ಗಾಳಿಗೆ ದಾರಿ ಕಡಿಮೆ, ಹಿಂದೆ 80 ಮಿಲಿಮೀಟರಿನ ಕಿರುಚುವ ಫ್ಯಾನು, ಹಾರ್ಡ್ ಡಿಸ್ಕ್ ಗೂಡು ಅಡ್ಡ ಬಂದು ಉದ್ದದ ಗ್ರಾಫಿಕ್ಸ್ ಕಾರ್ಡ್ ಹೋಗುವುದಿಲ್ಲ. ಎದುರಿನ ಯುಎಸ್‌ಬಿ ಹಳೆಯ ಕಾಲದ್ದು, ನಿಧಾನ. ಮಾಮನ ಕ್ಯಾಬಿನೆಟ್ ಬಿಚ್ಚಿ ಎದುರಿನ ತಗಡನ್ನು ನಾನು ಗ್ರಿಲ್ ಕೆಲಸದವರ ಹತ್ತಿರ ತೆಗೆದುಕೊಂಡು ಹೋದೆ. 120 ಮಿಲಿಮೀಟರ್ ಫ್ಯಾನಿಗೆ ಎರಡು ತೂತು ಕೊರೆದು, ಅಂಚನ್ನು ಅರ ಹಾಕಿ ನಯ ಮಾಡಿ, ರೆಡ್ ಆಕ್ಸೈಡ್ ಪ್ರೈಮರ್ ಹೊಡೆದು, ಮೇಲೆ ಕಪ್ಪು ಬಣ್ಣ ಕೊಟ್ಟರು. ಒಂದು ದಿನದ ಕೆಲಸ. ಅದು ಈಗಲೂ ಓಡುತ್ತಿದೆ, ಮಾಮನ ಮೊಮ್ಮಗ ಅದರಲ್ಲೇ ಓದುತ್ತಾನೆ. ಬೋರ್ಡ್ ಒಳಗಿರುವಾಗ ಮಾತ್ರ ತೂತು ಕೊರೆಯಬೇಡಿ, ಕಬ್ಬಿಣದ ಪುಡಿ ಒಂದು ಕಣ ಸಾಕು ಶಾರ್ಟ್ ಆಗಲು.

ಆಫೀಸುಗಳಿಂದ ಬರುವ ದೊಡ್ಡ ಕಂಪನಿಗಳ ಹಳೆಯ ಟವರ್‌ಗಳಿಗೆ ಈ ಮಾತು ಅನ್ವಯಿಸುವುದಿಲ್ಲ. ಅವುಗಳಲ್ಲಿ ಎಷ್ಟೋ ಸಲ ಪವರ್ ಬಟನ್ನಿನ ತಂತಿ, ಎಸ್‌ಎಂಪಿಎಸ್, ಬೋರ್ಡ್ ಎಲ್ಲವೂ ಆ ಕಂಪನಿಯದೇ ಅಳತೆ. ಅಲ್ಲಿ ಬೇರೆ ಬೋರ್ಡ್ ಕೂರಿಸಲು ಹೋಗಿ ಕಷ್ಟಪಡಬೇಡಿ.

ಜಾಲರಿ ಮುಖದ ಮಿಡ್ ಟವರ್

ಮಧ್ಯಮ ಎತ್ತರದ ಕ್ಯಾಬಿನೆಟ್‌ಗಳು. ₹4,000ರಿಂದ ₹8,000, ಕೆಲವು ಅದಕ್ಕೂ ಮೇಲೆ. ಗ್ರಾಫಿಕ್ಸ್ ಕಾರ್ಡ್ ಹಾಕುವವರಲ್ಲಿ ಹೆಚ್ಚಿನವರಿಗೆ ಉತ್ತರ ಇಲ್ಲೇ ಇದೆ. ಏಪ್ರಿಲ್, ಮೇ ಸೆಕೆಯಲ್ಲಿ ರೂಮಿನ ಗಾಳಿಯೇ 33, 34 ಡಿಗ್ರಿ ಇರುವಾಗ ಮುಚ್ಚಿದ ಮುಖದ ಕ್ಯಾಬಿನೆಟ್ ಒಲೆಯಾಗುತ್ತದೆ.

ಡೀಪ್‌ಕೂಲ್ ಸಿಸಿ560 ನಾಲ್ಕು ಫ್ಯಾನಿನ ಜೊತೆಗೇ ಬರುತ್ತದೆ, ಎದುರು ಮೂರು, ಹಿಂದೆ ಒಂದು. ಒಳಗೆ ಬರುವ ಗಾಳಿ ಜಾಸ್ತಿ ಇರಬೇಕು ಅಂದೆನಲ್ಲ, ಇದರಲ್ಲಿ ಹುಟ್ಟಿನಿಂದಲೇ ಹಾಗಿದೆ. ಫ್ಯಾನಿಗೆ ಬೇರೆ ಹಣ ಹಾಕಬೇಕಾಗಿಲ್ಲ. ಕಡಿಮೆ ಬಜೆಟ್‌ನಲ್ಲಿ 115 ವಾಟಿನ ಆರ್‌ಟಿಎಕ್ಸ್ 4060ರಂಥ ಕಾರ್ಡ್ ಹಾಕುವವರಿಗೆ ಇದು ಧಾರಾಳ.

ಕೋರ್ಸೇರ್ 4000ಡಿ ಏರ್‌ಫ್ಲೋ 2020ರಲ್ಲಿ ಬಂತು. ಎರಡು 120 ಮಿಲಿಮೀಟರ್ ಫ್ಯಾನು ಮಾತ್ರ ಕೊಡುತ್ತಾರೆ. ಆದರೆ ಜೋಡಿಸಲು ಇಷ್ಟು ಸುಲಭದ ಕ್ಯಾಬಿನೆಟ್ ನಾನು ಕಡಿಮೆ ನೋಡಿದ್ದು. 360 ಮಿಲಿಮೀಟರ್ ಕಾರ್ಡ್, 170 ಮಿಲಿಮೀಟರ್ ಕೂಲರ್ ಹಿಡಿಸುತ್ತದೆ. ಇನ್ನೊಂದು ಫ್ಯಾನು ತಂದು ಎದುರಿಗೆ ಸೇರಿಸಿ. ಹಾರ್ಡ್ ಡಿಸ್ಕ್‌ಗೆ ಎರಡೇ ಗೂಡು ಎಂಬುದು ನೆನಪಿರಲಿ. ಲಿಯಾನ್ ಲಿ ಲ್ಯಾನ್‌ಕೂಲ್ 216 ಇನ್ನೂ ಒಂದು ಹೆಜ್ಜೆ ಮೇಲೆ. ಎದುರು 160 ಮಿಲಿಮೀಟರಿನ ಎರಡು ದೊಡ್ಡ ಫ್ಯಾನು, ಹಿಂದೆ 140ರದ್ದು. ದೊಡ್ಡ ಫ್ಯಾನು ನಿಧಾನ ತಿರುಗಿದರೂ ಗಾಳಿ ಸಾಕಷ್ಟು ತರುತ್ತದೆ, ಸದ್ದು ಕಡಿಮೆ. ದುಡ್ಡು ಇದ್ದು ಬಿಸಿ ಕಾರ್ಡ್ ಹಾಕುವವರು ಇದನ್ನು ನೋಡಿ.

ಜಾಲರಿಯಲ್ಲೂ ಎರಡು ಬಗೆ. ಉಕ್ಕಿನ ತಗಡಿಗೆ ಸಾವಿರಾರು ತೂತು ಹೊಡೆದು ಬಣ್ಣ ಕೊಟ್ಟದ್ದು ಒಂದು. ಪ್ಲಾಸ್ಟಿಕ್ ಚೌಕಟ್ಟಿಗೆ ನೈಲಾನ್ ಬಲೆ ಹಾಕಿದ್ದು ಇನ್ನೊಂದು. ನೋಡಲು ಮೊದಲಿನದು ಚೆಂದ. ಆದರೆ ಪ್ರತಿ ತೂತಿಗೂ ಒಂದು ಅಂಚು, ಅಂಚಿನಲ್ಲಿ ಬಣ್ಣ ಯಾವಾಗಲೂ ತೆಳು, ಮತ್ತು ಉಪ್ಪು ಗಾಳಿ ಒಳಗೆ ಹೋಗುವುದೇ ಅಲ್ಲಿಂದ. ಕಡಲ ದಂಡೆಯ ಮನೆಗಳಲ್ಲಿ ಮೂರನೇ ಮಳೆಗಾಲಕ್ಕೆ ಆ ಜಾಲರಿಯಲ್ಲಿ ಕೆಂಪು ಬಂದದ್ದು ನೋಡಿದ್ದೇನೆ. ಅಲ್ಲಿಯವರಿಗೆ ಪ್ಲಾಸ್ಟಿಕ್ ಮತ್ತು ನೈಲಾನ್ ಒಳ್ಳೆಯದು. ಉಕ್ಕಿನ ಜಾಲರಿಯೇ ಇಷ್ಟವಾದರೆ ತಿಂಗಳಿಗೊಮ್ಮೆ ಕಳಚಿ, ಸಿಹಿ ನೀರಿನಲ್ಲಿ ತೊಳೆದು, ಬಿಸಿಲಿಗೋ ಫ್ಯಾನಿನ ಕೆಳಗೋ ಇಟ್ಟು ಪೂರ್ತಿ ಒಣಗಿಸಿ ಹಾಕಿ.

ಗಾಜಿನ ಅಕ್ವೇರಿಯಂ

ಎದುರೂ ಗಾಜು, ಪಕ್ಕವೂ ಗಾಜು, ಒಳಗೆ ಬಣ್ಣದ ದೀಪ. ಚೆಂದ ಇದೆ, ಇಲ್ಲ ಅನ್ನುವುದಿಲ್ಲ. ಮೇಜಿನ ಮೇಲೆ, ಎಸಿ ಇರುವ ರೂಮಿನಲ್ಲಿ, ಎಲ್ಲರಿಗೂ ಕಾಣಬೇಕು ಅಂತ ಆಸೆಪಟ್ಟು ಜೋಡಿಸುವವರು ತಗೊಳ್ಳಲಿ.

ನನಗೆ ಗಾಜಿನ ಭಯ ಹತ್ತಿದ್ದು ಒಂದು ಭಾನುವಾರ. ಗೆಳೆಯನ ಕ್ಯಾಬಿನೆಟ್‌ನ ಗಾಜಿನ ಬಾಗಿಲು ಬಿಚ್ಚಿ, ಒರೆಸೋಣ ಅಂತ ಟೈಲ್ಸ್ ನೆಲದ ಮೇಲೆ ಅಂಚು ಊರಿ ಗೋಡೆಗೆ ಒರಗಿಸಿದೆ. ಜೋರಾಗಿ ಇಟ್ಟದ್ದಲ್ಲ. ಒಂದೇ ಸದ್ದು, ಇಡೀ ಬಾಗಿಲು ಕಲ್ಲುಸಕ್ಕರೆಯ ಹಾಗೆ ಚೂರಾಯಿತು. ಟೆಂಪರ್ಡ್ ಗಾಜು ನಡುವೆ ಗುದ್ದಿದರೂ ತಡೆಯುತ್ತದೆ, ಅಂಚಿಗೆ ಗಟ್ಟಿ ಟೈಲ್ಸ್‌ನ ಒಂದು ಚುಕ್ಕಿ ತಾಗಿದರೆ ಮುಗಿಯಿತು. ಪಕ್ಕದ ರೂಮಿನಲ್ಲಿ ಮಗು ಮಲಗಿತ್ತು. ಅದು ತೆವಳುವ ವಯಸ್ಸು. ಚೂರು ಹುಡುಕುತ್ತಾ ಆ ದಿನ ನನ್ನ ಕೈ ನಡುಗಿತ್ತು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ, ಕ್ಯಾಬಿನೆಟ್ ನೆಲದಲ್ಲಿ ಇಡುವುದಾದರೆ, ಉಕ್ಕಿನ ಬಾಗಿಲು ಹುಡುಕಿ. ಗಾಜೇ ಇದ್ದರೆ ಬಿಚ್ಚಿದಾಗ ಹಾಸಿಗೆಯ ಮೇಲೆ ಮಲಗಿಸಿ ಇಡಿ.

ಚಿಕ್ಕ ಪೆಟ್ಟಿಗೆಗಳು

ಕೂಲರ್ ಮಾಸ್ಟರ್ ಎನ್‌ಆರ್200 ಬರೀ 18.25 ಲೀಟರಿನದು. ಅಷ್ಟರಲ್ಲೇ 330 ಮಿಲಿಮೀಟರ್ ಕಾರ್ಡ್, 155 ಮಿಲಿಮೀಟರ್ ಕೂಲರ್ ಹಿಡಿಸಿದ್ದಾರೆ. ಪಕ್ಕದಲ್ಲಿ ತೂತಿರುವ ಉಕ್ಕಿನ ಬಾಗಿಲು, ಗಾಜಿನ ಚಿಂತೆ ಇಲ್ಲ. ಆದರೆ ಇದಕ್ಕೆ ಮಿನಿ ಐಟಿಎಕ್ಸ್ ಬೋರ್ಡ್ ಬೇಕು, ಎಸ್‌ಎಫ್‌ಎಕ್ಸ್ ಅಳತೆಯ ಚಿಕ್ಕ ಎಸ್‌ಎಂಪಿಎಸ್ ಬೇಕು. ಎರಡೂ ದುಬಾರಿ. ಕ್ಯಾಬಿನೆಟ್‌ನಲ್ಲಿ ಉಳಿದ ಹಣಕ್ಕಿಂತ ಹೆಚ್ಚು ಅಲ್ಲಿ ಹೋಗುತ್ತದೆ. ಮಳೆಗಾಲದಲ್ಲಿ ಎಸ್‌ಎಂಪಿಎಸ್ ಸುಟ್ಟರೆ ಎಸ್‌ಎಫ್‌ಎಕ್ಸ್ ನಮ್ಮ ಊರಿನ ಅಂಗಡಿಯಲ್ಲಿ ಆ ದಿನವೇ ಸಿಗುವುದು ಕಷ್ಟ. ಸಾಮಾನ್ಯ ಅಳತೆಯದಾದರೆ ಸಂಜೆಯೊಳಗೆ ಕಂಪ್ಯೂಟರ್ ಶುರು.

ನಡುವಿನ ದಾರಿ ಬೇಕಾದವರಿಗೆ ಮೈಕ್ರೋ ಎಟಿಎಕ್ಸ್ ಉಂಟು. ಕೂಲರ್ ಮಾಸ್ಟರ್ ಕ್ಯೂ300ಎಲ್ ಅದರಲ್ಲಿ ಚೆನ್ನಾಗಿ ಬಳಕೆಯಲ್ಲಿರುವುದು. ಅಯಸ್ಕಾಂತದಿಂದ ಅಂಟುವ ಫಿಲ್ಟರ್, ಎಳೆದರೆ ಕೈಗೆ ಬರುತ್ತದೆ. ಬಾಗಿಲು ಗಾಜಲ್ಲ, ಅಕ್ರಿಲಿಕ್. ಗೀರು ಬೀಳುತ್ತದೆ, ಒಡೆದು ಚೆಲ್ಲುವುದಿಲ್ಲ. ಒಂದೇ ಫ್ಯಾನು ಕೊಡುತ್ತಾರೆ, ಅದೂ ಹಿಂದೆ, ಹೊರಕ್ಕೆ. ಎದುರಿಗೆ ಎರಡು ಫ್ಯಾನಿನ ಖರ್ಚು ಲೆಕ್ಕಕ್ಕೆ ಸೇರಿಸಿಯೇ ಬೆಲೆ ನೋಡಿ.

ಭಾರದ, ಸದ್ದಿಲ್ಲದ ಕ್ಯಾಬಿನೆಟ್

ಫ್ರ್ಯಾಕ್ಟಲ್ ಡಿಸೈನ್ ಡಿಫೈನ್ 7ರಂಥವು. ಎರಡೂ ಪಕ್ಕ ಉಕ್ಕಿನ ಬಾಗಿಲು ಇರುವ ಮಾದರಿ ಸಿಗುತ್ತದೆ, ಒಳಗೆ ಸದ್ದು ತಡೆಯುವ ಹಾಳೆ, ಬಿಡಿಭಾಗ ಸೇರಿಸಿದರೆ ಹತ್ತಕ್ಕಿಂತ ಹೆಚ್ಚು ಹಾರ್ಡ್ ಡಿಸ್ಕ್‌ಗೆ ಜಾಗ. ಫಿಲ್ಟರ್‌ಗಳೆಲ್ಲ ಸುಲಭವಾಗಿ ಬರುತ್ತವೆ. ಎದುರು ಬಾಗಿಲು ಮುಚ್ಚಿರುವುದರಿಂದ ಜಾಲರಿ ಮುಖದಷ್ಟು ತಂಪು ಇಲ್ಲ. ಬೆಲೆ ಮತ್ತು ತೂಕ ಎರಡೂ ಜಾಸ್ತಿ. ಗೇಮ್ ಆಡುವವರಿಗೆ ನಾನು ಇದನ್ನು ಹೇಳುವುದಿಲ್ಲ. ರಾಶಿ ಫೈಲು ಇಟ್ಟು ಹತ್ತು ವರ್ಷ ಕಾಪಾಡಬೇಕಾದವರಿಗೆ ಹೇಳುತ್ತೇನೆ.

ಆ ಮೂವರು ಏನು ತಗೊಂಡರು

ಕಾವೂರಿನ ಹಿರಿಯರಿಗೆ ಮೊದಲು ಈ ಡಿಫೈನ್ 7ರಂಥದನ್ನೇ ಹೇಳಿದ್ದೆ. ಮೇಳಗಳ ತಿರುಗಾಟ ನವೆಂಬರ್ ಹೊತ್ತಿಗೆ ಶುರುವಾಗಿ ಮೇ ಕೊನೆಯ ಪತ್ತನಾಜೆಗೆ ಮುಗಿಯುತ್ತದೆ. ಅವರು ಎಡಿಟಿಂಗಿಗೆ ಕೂರುವುದು ಮಳೆ ಸುರಿಯುವ ಆ ನಾಲ್ಕು ತಿಂಗಳು. ಇಡೀ ರಾತ್ರಿಯ ಯಕ್ಷಗಾನದ ಆಟ, ದೊಡ್ಡ ದೊಡ್ಡ ಫೈಲು, ಆರು ಹಾರ್ಡ್ ಡಿಸ್ಕ್. "ಇಷ್ಟು ಹಣ ಡಬ್ಬಕ್ಕೆ ಬೇಡ ಮಾರಾಯ, ಆ ಹಣಕ್ಕೆ ಇನ್ನೊಂದು ಡಿಸ್ಕ್ ಬರುತ್ತದೆ" ಅಂದರು. ಅವರ ಮಾತೂ ಸರಿಯೇ. ಅವರ ಅಣ್ಣನ ಮನೆಯ ಅಟ್ಟದಲ್ಲಿ ಐದು ಗೂಡಿನ ಹಳೆಯ ಟವರ್ ಇತ್ತು. ಅದಕ್ಕೆ ಎದುರು ತೂತು ಕೊರೆಸಿ, ಆರನೇ ಡಿಸ್ಕನ್ನು ಡಿವಿಡಿ ಡ್ರೈವಿನ ಜಾಗದಲ್ಲಿ ಅಡಾಪ್ಟರ್ ಹಾಕಿ ಕೂರಿಸಿದೆವು. ಗ್ರಾಫಿಕ್ಸ್ ಕಾರ್ಡ್ ಚಿಕ್ಕದು, ಅಡ್ಡಿ ಆಗಲಿಲ್ಲ.

ಅಕ್ಕನ ಮಗಳಿಗೆ ಎನ್‌ಆರ್200 ಮೇಲೆ ಮನಸ್ಸಿತ್ತು. ವರ್ಷ ವರ್ಷ ರೂಮು ಬದಲಿಸುವುದು, ರಜೆಗೆ ಊರಿಗೆ ತರುವುದು ಎಲ್ಲ ಇದೆ. ಲೆಕ್ಕ ಹಾಕಿದಾಗ ಬೋರ್ಡ್, ಎಸ್‌ಎಂಪಿಎಸ್ ಸೇರಿ ಬಜೆಟ್ ಮೀರಿತು. ಮೈಕ್ರೋ ಎಟಿಎಕ್ಸ್‌ಗೆ ಬಂದಳು. ಮಣಿಪಾಲ ಗುಡ್ಡದ ಮೇಲೆ, ಉಪ್ಪಿಗಿಂತ ಧೂಳಿನ ಕಾಟ ಅಲ್ಲಿ ಹೆಚ್ಚು. ತೆಗೆದು ತೊಳೆಯುವ ಫಿಲ್ಟರ್ ಅವಳಿಗೆ ಸರಿಯಾಯಿತು.

ಮಲ್ಪೆಯ ಗೆಳೆಯನಿಗೆ ಹೆಚ್ಚು ಹೊತ್ತು ಹುಡುಕಿದೆವು. ಸತು ಲೇಪದ ತಗಡು, ಪ್ಲಾಸ್ಟಿಕ್ ಮುಖಕ್ಕೆ ನೈಲಾನ್ ಬಲೆ, ಸ್ಕ್ರೂ ಹಾಕುವ ಪಟ್ಟಿ, ಮೂರೂ ಒಟ್ಟಿಗೆ ಇರುವ ಮಿಡ್ ಟವರ್. ಗಾಜಿನ ಬಾಗಿಲು ಬಂತು, ಅದೊಂದನ್ನು ಬಿಟ್ಟುಕೊಟ್ಟೆವು. ಅವನ ಮನೆಯಲ್ಲಿ ಮಳೆಗಾಲದಲ್ಲಿ ನೆಲವೇ ಬೆವರುತ್ತದೆ. ಹಾಗಾಗಿ ಬಡಗಿಯ ಹತ್ತಿರ ಅರ್ಧ ಅಡಿ ಎತ್ತರದ ಮರದ ಸ್ಟ್ಯಾಂಡು ಮಾಡಿಸಿ ಅದರ ಮೇಲೆ ಇಟ್ಟ. ಕಿಟಕಿಯಿಂದ ದೂರ, ಗೋಡೆಯಿಂದ ಒಂದು ಗೇಣು ಮುಂದೆ.

ಪೆಟ್ಟಿಗೆ ಮನೆಗೆ ಬಂದ ಕೂಡಲೇ ಜೋಡಿಸಲು ಕೂರಬೇಡಿ. ಆನ್‌ಲೈನ್‌ನಲ್ಲಿ ತರಿಸಿದ್ದಾದರೆ ರಟ್ಟು ಬಿಚ್ಚುವಾಗ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ನನಗೆ ಒಮ್ಮೆ ಮೂಲೆ ಜಜ್ಜಿದ ಕ್ಯಾಬಿನೆಟ್ ಬಂತು, ಬದಲಿಸಿ ಕೊಟ್ಟದ್ದು ಆ ವಿಡಿಯೋ ಇದ್ದದ್ದರಿಂದ. ಎಲ್ಲ ಸರಿ ಇದ್ದರೆ ಖಾಲಿ ಕ್ಯಾಬಿನೆಟನ್ನು ಬೆಳಕಿಗೆ ಹಿಡಿದು ಒಳಗೆಲ್ಲ ನೋಡಿ. ಎಲ್ಲಿ ಕತ್ತರಿಸಿದ ಅಂಚು ಬೆಳ್ಳಗೆ ಹೊಳೆಯುತ್ತದೋ, ಎಲ್ಲಿ ಬಣ್ಣ ಕೆತ್ತಿದೆಯೋ, ಅಲ್ಲಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಎರಡು ಸಲ ಹಚ್ಚಿ. ₹50ರ ಬಾಟಲಿ ಇಡೀ ಕ್ಯಾಬಿನೆಟ್‌ಗೆ ಸಾಕು. ಬೋರ್ಡ್‌ನ ಸ್ಕ್ರೂ ಕೂರುವ ಹಿತ್ತಾಳೆಯ ಗೂಟಗಳಿಗೆ, ಎಸ್‌ಎಂಪಿಎಸ್ ತಾಗುವ ಹಿಂಬದಿಗೆ ಮಾತ್ರ ಹಚ್ಚಬೇಡಿ, ಅರ್ಥ್ ಸಿಗುವುದು ಅಲ್ಲಿಂದ. ಒಂದು ರಾತ್ರಿ ಒಣಗಲಿ. ಮರುದಿನ ಬೋರ್ಡ್ ಕೂರಿಸಿ.